ಟೈಲರಮ್ಮನ ಸವತಿ

ಟೈಲರಮ್ಮನಿಗೆ ಎತ್ತರವೆಂದರೆ ಆಗಿಬರದು. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಒಂದು ಕೈ ಗೋಡೆಯ ಮೇಲಿರಬೇಕು, ಇನ್ನೊಂದು ಕೈಯನ್ನು ಯಾರಾದರೂ ಹಿಡಿದುಕೊಂಡಿರಬೇಕು. "ಹಾಗಾದ್ರೆ ಬಲ್ಬ್ ಯಾವುದ್ರಲ್ಲಿ ತಿರುಗಿಸ್ತೀಯ, ಹಲ್ಲಲ್ಲಾ?" ಎಂದು ಗಂಡ ಕೇಳುತ್ತಿದ್ದ. ಇಂಥವಳಿಗೆ ಗಂಟುಬಿದ್ದವನು ಹಿತ್ತಲಿನ ಶೆಡ್ಡಿನಲ್ಲಿ ವಿಮಾನ ಕಟ್ಟುವ ಗಂಡ. ವಿಧಿಗೆ ಆ ದಿನ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ.

ಹೊಟ್ಟೆಪಾಡಿಗೆ ಅವನದು ಪಂಪು ಮತ್ತು ನೀರಿನ ಟ್ಯಾಂಕುಗಳ ಕೆಲಸ. ಊರಿನ ಅರ್ಧಕ್ಕರ್ಧ ತಾರಸಿಗಳ ಮೇಲೆ ಅವನು ಕೂರಿಸಿದ ಟ್ಯಾಂಕುಗಳೇ ಇದ್ದವು. ಅವನ ಕೆಲಸವನ್ನು ಬೀದಿಯಿಂದಲೇ ಗುರುತಿಸಬಹುದಿತ್ತು. ಪೈಪುಗಳು ನೆಟ್ಟಗೆ ಗೋಡೆಗೆ ಅಂಟಿಕೊಂಡಿರುತ್ತಿದ್ದವು. ಟ್ಯಾಂಕಿನ ನೆತ್ತಿಯಿಂದ ಹೊರಬರುವ ಗಾಳಿಕೊಳವೆ, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ಬಾಗಿರುತ್ತಿತ್ತು, ಒಳಗೆ ಧೂಳು, ಮಳೆಹನಿ ಏನೂ ಹೋಗದ ಹಾಗೆ. ಬೇರೆಯವರು ಕೂರಿಸಿದ ಟ್ಯಾಂಕಿನ ಕೊಳವೆ ಗಾಳಿಗೆ ಬಾಯಿ ತೆರೆದುಕೊಂಡಿದ್ದರೆ ಅವನು ಬೀದಿಯಲ್ಲೇ ನಿಂತು ಮೂಗು ಮುರಿಯುತ್ತಿದ್ದ. "ಬಾಯಿ ಕಳ್ಕೊಂಡು ನಿಂತಿದೆ ನೋಡು, ಪೆದ್ದನ ಹಾಗೆ" ಎನ್ನುತ್ತಿದ್ದ.

ವಿಮಾನದ ಹುಚ್ಚು ಯಾವಾಗ ಹಿಡಿಯಿತೋ ಅವಳಿಗೂ ನೆನಪಿಲ್ಲ. ಮದುವೆಯಾದ ಹೊಸದರಲ್ಲಿ ಆಕಾಶದಲ್ಲಿ ಸದ್ದಾದರೆ ಊಟ ಬಿಟ್ಟು ಅಂಗಳಕ್ಕೆ ಓಡುತ್ತಿದ್ದ. ಆಮೇಲೆ ನಕ್ಷೆ ತರಿಸಿದ. ನಕ್ಷೆಯ ಹಿಂದೆ ಕೊಳವೆಗಳು ಬಂದವು, ಹಲಗೆಗಳು ಬಂದವು, ಯಾರೋ ಮಾರಿದ ಹಳೆಯ ಎಂಜಿನ್ನು ಬಂತು. ಮಗಳು ಶಾಲೆಗೆ ಹೋಗುವಾಗ ಶುರುವಾದದ್ದು, ಅವಳು ಓದಿ ನರ್ಸ್ ಆಗಿ ಬೇರೆ ಊರಿಗೆ ಕೆಲಸಕ್ಕೆ ಹೋದಮೇಲೂ ಮುಗಿದಿರಲಿಲ್ಲ. ಬೀದಿಯವರು ಅವನಿಗೆ ರೆಕ್ಕೆರಾಯ ಎಂದು ಹೆಸರಿಟ್ಟರು. ಮನೆಯ ನಲ್ಲಿ ಸೋರುತ್ತಿದೆ ಎಂದು ಹೇಳಲು ಬಂದವರೂ ಮೊದಲು "ಏನ್ ರೆಕ್ಕೆರಾಯ್ರೇ, ಯಾವಾಗ ಹಾರೋದು?" ಎಂದು ಕೇಳಿಯೇ ನಲ್ಲಿಯ ಮಾತಿಗೆ ಬರುತ್ತಿದ್ದರು.

ಟೈಲರಮ್ಮ ಅದನ್ನು ಕರೆಯುತ್ತಿದ್ದದ್ದು 'ಸವತಿ' ಎಂದೇ. "ಊಟಕ್ಕೆ ಏಳ್ತೀರೋ, ಚಿಕ್ಕ ಹೆಂಡ್ತಿ ಬಿಡ್ತಾ ಇಲ್ವೋ?" ಆದರೆ ಬೈದುಕೊಂಡೇ ಅವಳು ಸವತಿಗೆ ಬಟ್ಟೆ ಹೊಲಿದಳು. ಅದು ಬಟ್ಟೆಯ ಹೊದಿಕೆಯ ವಿಮಾನ, ರೆಕ್ಕೆ ತಲೆಯ ಮೇಲೆ, ಕೆಳಗೆ ಅಕ್ಕಪಕ್ಕ ಇಬ್ಬರು ಕೂರುವಷ್ಟು ಗೂಡು. ಮುಂದಿನ ಕೋಣೆಯ ಅಂಗಡಿಯಲ್ಲಿ ಗಿರಾಕಿಗಳ ರವಿಕೆ, ಪ್ಯಾಂಟುಗಳನ್ನು ಬದಿಗೆ ಸರಿಸಿ, ರೆಕ್ಕೆಯ ಉದ್ದದ ಬಟ್ಟೆಯನ್ನು ಮಿಶನ್ನಿನ ಕೆಳಗೆ ಹಾಯಿಸಿದಳು. ರೆಕ್ಕೆಯ ಪಕ್ಕೆಲುಬುಗಳಿಗೆ ಆ ಬಟ್ಟೆಯನ್ನು ಕೈಯಲ್ಲೇ ಹೊಲಿಯಬೇಕಿತ್ತು. ಅದನ್ನೂ ಹೊಲಿದಳು. ಒಂದೊಂದು ಗಂಟನ್ನೂ ಎಳೆದು ನೋಡಿದಳು, ಏಕೆಂದರೆ ಆ ಗಂಟಿನ ಮೇಲೆ ನೇತಾಡುವವನು ತನ್ನ ಗಂಡ. ರೆಕ್ಕೆಯೊಳಗಿನ ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿದೆ ಎಂದು ಅದ್ದಿ ನೋಡಲು ಒಂದು ಕಡ್ಡಿ ಬೇಕೆಂದಾಗ ತನ್ನ ಹಳೆಯ ಮರದ ಅಳತೆಪಟ್ಟಿಯನ್ನೇ ಕೊಟ್ಟಳು. ಅವನು ಅದರ ಮೇಲೆ ಗೀಟು ಕೊರೆದುಕೊಂಡ. ವಿಮಾನದೊಳಗೆ ಒಂದು ಮುಳ್ಳಿನ ಮೀಟರೂ ಇತ್ತು, ಆದರೆ ಹಾರುವಾಗ ಅದು ಕುಣಿಯುತ್ತಿತ್ತು. ಅವನು ನಂಬಿದ್ದು ಕಡ್ಡಿಯನ್ನು ಮತ್ತು ಕೈಗಡಿಯಾರವನ್ನು.

ತಪಾಸಣೆಯ ಅಧಿಕಾರಿ ಬಂದು, ನಕ್ಷೆ ಹಿಡಿದು ಮೂಲೆಮೂಲೆ ನೋಡಿ, ಹಾರಬಹುದು ಎಂದು ಒಪ್ಪಿಗೆ ಕೊಟ್ಟು ಹೋದ ದಿನ ಮನೆಯಲ್ಲಿ ಸಂಭ್ರಮ. ಮಗಳೂ ರಜೆ ಹಾಕಿ ಬಂದಿದ್ದಳು. ಶೆಡ್ಡಿನಲ್ಲಿ ಉಳಿದಿದ್ದ ಚಹಾ ಲೋಟಗಳನ್ನು ಎತ್ತಿಕೊಂಡು ಬರಲು ಹೋದ ಟೈಲರಮ್ಮ, ರೆಕ್ಕೆಯ ಕೆಳಗಿಂದ ಹಾಯುವಾಗ ಅಲ್ಲಿ ಚಾಚಿಕೊಂಡಿದ್ದ ಸಣ್ಣ ಕೊಳವೆಗೆ ಹಣೆ ಬಡಿದುಕೊಂಡಳು. ಲೋಟಗಳು ಒಡೆದವು. ರಕ್ತ ಹುಬ್ಬಿನ ಮೇಲಿಂದ ಕೆನ್ನೆಗೆ ಇಳಿಯಿತು. ಗಂಡ ಅದನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಊರಿನ ಬಾವಿಗಳಿಗೆಲ್ಲ ಇಳಿದವನು, ಹೆಂಡತಿಯ ಹಣೆಯ ರಕ್ತ ನೋಡಿ ಬೆವತುಹೋದ.

ಹೊಲಿಗೆ ಹಾಕಿದ್ದು ಮಗಳೇ. "ಊರಿಗೆಲ್ಲ ನೀನು ಹೊಲಿಗೆ ಹಾಕ್ತೀಯಮ್ಮ, ನಿನಗೆ ಹಾಕೋಕೆ ನಾನು ಬರಬೇಕಾಯ್ತು" ಎಂದು ನಗಿಸಿದಳು. ಹಣೆಯಲ್ಲಿ ಒಂದು ಸಣ್ಣ ಗುರುತು ಉಳಿಯಿತು. ಆಮೇಲೆ ಎಷ್ಟೋ ಸಲ ರೆಕ್ಕೆಯ ಕೆಳಗೆ ಓಡಾಡಿದರೂ ಅವಳಿಗೆ ಮತ್ತೆ ಪೆಟ್ಟಾಗಲಿಲ್ಲ. ತಲೆ ಬಗ್ಗಿಸಿ ನಡೆಯುವುದು ತನಗೆ ರೂಢಿಯಾಗಿದೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಊರಾಚೆ ಯಾರೂ ಬಳಸದ ಹಳೆಯ ರನ್‌ವೇ ಒಂದಿತ್ತು. ಅಲ್ಲಿನ ಕಾವಲುಗಾರ ಟೈಲರಮ್ಮನ ಸ್ವಂತ ತಮ್ಮ. ವಿಮಾನ ಅಲ್ಲಿನ ತಗಡಿನ ಮನೆಗೆ ಹೋಯಿತು, ಬೀಗದ ಕೈ ತಮ್ಮನ ಸೊಂಟಕ್ಕೆ ಸೇರಿತು. ಮೊದಮೊದಲು ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲು ಹಾಕಿಕೊಂಡು ಗಂಡ ರನ್‌ವೇಯ ಮೇಲೆಯೇ ಒಂದೆರಡು ಸುತ್ತು ಹಾಕಿ ಇಳಿಯುತ್ತಿದ್ದ. ಅವನು ಮೇಲೆ ಇರುವಷ್ಟು ಹೊತ್ತೂ ಅವಳು ಕೆಳಗೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದಳು. ನೋಡಲು ಧೈರ್ಯವಿರಲಿಲ್ಲ, ಅದಕ್ಕೇ ಕೇಳುತ್ತಿದ್ದಳು. ಎಂಜಿನ್ನಿನ ಸದ್ದು ಕಿವಿಯಲ್ಲಿ ಇರುವವರೆಗೆ ತಾಳಿ ಕತ್ತಿನಲ್ಲಿ ಇದೆ ಎಂದು ಅವಳ ಲೆಕ್ಕ.

ಧೈರ್ಯ ಬಂದಮೇಲೆ ಅವನು ಮೊದಲ ಸಲ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿದ. ಕೆರೆಯಾಚೆಯ ಗುಡ್ಡದವರೆಗೆ ಹೋಗಿ ಬರುತ್ತೇನೆ ಎಂದ. ಕಡ್ಡಿ ಅದ್ದಿ ತೋರಿಸಿದ. "ನೋಡು, ಹೋಗಿ ಬಂದು ಇನ್ನೊಂದು ಸಲ ಹೋಗಿ ಬರೋ ಅಷ್ಟಿದೆ." ಹೋದ. ಹಿಂತಿರುಗಿ ಬರುವ ಸದ್ದು ಅವಳಿಗೆ ದೂರದಿಂದಲೇ ಕೇಳಿತು, ಹತ್ತಿರವಾಯಿತು, ಅವಳು ಆಗಲೇ ಒಂದು ನಿಟ್ಟುಸಿರು ಬಿಟ್ಟಿದ್ದಳು.

ಸದ್ದು ಒಮ್ಮೆ ಕೆಮ್ಮಿತು. ನಿಂತೇಹೋಯಿತು.

ಅವಳು ಕಣ್ಣು ಬಿಟ್ಟಳು. ಆಕಾಶದಲ್ಲಿ ವಿಮಾನ ಸದ್ದಿಲ್ಲದೆ ಬರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ತಮ್ಮ "ಅಕ್ಕಾ, ಅಕ್ಕಾ" ಎನ್ನುತ್ತಿದ್ದ. ವಿಮಾನ ಬೇಲಿಯ ಮೇಲೆ ಹಾಯ್ದು, ರನ್‌ವೇಗೆ ಇನ್ನೂ ಮೊದಲೇ ಹುಲ್ಲಿನಲ್ಲಿ ಇಳಿದು, ಎಗರಿ, ಎಗರಿ, ನಿಂತಿತು. ಅವಳು ಓಡಿದ್ದು ಅವಳಿಗೆ ನೆನಪಿಲ್ಲ. ಹತ್ತಿರ ಹೋದಾಗ ಅವನು ಆಗಲೇ ಕೆಳಗಿಳಿದು ಟ್ಯಾಂಕಿಗೆ ಕಡ್ಡಿ ಅದ್ದುತ್ತಿದ್ದ. ಕಡ್ಡಿ ಒಣಗಿದ್ದು ಒಣಗಿದ ಹಾಗೇ ಹೊರಬಂತು.

"ಅರ್ಧ ಉಳೀಬೇಕಿತ್ತು" ಎಂದ ಅವನು. ಇನ್ನೊಮ್ಮೆ ಅದ್ದಿದ. "ಅರ್ಧ ಉಳೀಬೇಕಿತ್ತು ಕಣೇ."

ಹುಡುಕಾಟ ಅಲ್ಲಿಂದ ಶುರುವಾಯಿತು. ಸೋರುವುದನ್ನು ಹಿಡಿಯುವುದೇ ಅವನ ಜೀವಮಾನದ ಕಸುಬು, ಹಾಗಾಗಿ ಮೊದಲ ದಿನ ಅವನಲ್ಲಿ ಜಂಬವೂ ಇತ್ತು. "ನನ್ನ ಕೈಗೆ ಸಿಗದ ಸೋರಿಕೆ ಇನ್ನೂ ಹುಟ್ಟಿಲ್ಲ" ಎಂದ. ಕೊಳವೆಗಳ ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ನೋಡಿದ. ಏಳಲಿಲ್ಲ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಕಡ್ಡಿ ಅದ್ದಿ, ವಿಮಾನವನ್ನು ಬೆಳಗ್ಗೆಯವರೆಗೆ ಹಾಗೇ ಬಿಟ್ಟು ಮತ್ತೆ ಅದ್ದಿದ. ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ವಿಮಾನವನ್ನು ಕಂಬಕ್ಕೆ ಕಟ್ಟಿ, ಎಂಜಿನ್ನನ್ನು ಅರಚಿಸಿ ನೋಡಿದ. ಎಷ್ಟು ಕುಡಿಯಬೇಕೋ ಅಷ್ಟೇ ಕುಡಿಯಿತು. ನೆಲದ ಮೇಲೆ ಇದ್ದಷ್ಟು ಹೊತ್ತು ಸವತಿ ಪರಮ ಸಾಧು. ಆಕಾಶಕ್ಕೆ ಹೋದರೆ ಮಾತ್ರ ಕುಡುಕಿ.

ಟ್ಯಾಂಕಿನ ಮುಚ್ಚಳದ ಮೇಲೆ ಅನುಮಾನ ಬಂತು. ಟೈಲರಮ್ಮ ಹೊಸ ರಬ್ಬರು ತಂದು, ಕತ್ತರಿಯಲ್ಲಿ ಗುಂಡಗೆ ಕತ್ತರಿಸಿ, ಮುಚ್ಚಳದ ಅಡಿಗೆ ಕೂರಿಸಿಕೊಟ್ಟಳು. ಅವನು ಟ್ಯಾಂಕು ತುಂಬಿಸಿಕೊಂಡು, ಹೆದರಿಕೆಯಿಂದ ಈ ಸಲ ರನ್‌ವೇಯ ಸುತ್ತಲೇ ಹಾರಿ, ಬೇಗ ಇಳಿದ. ಕಡ್ಡಿ ಮತ್ತೆ ಮೋಸ ತೋರಿಸಿತು. ಹೋದದ್ದು ಎಂಜಿನ್ನು ಕುಡಿಯುವುದಕ್ಕಿಂತ ಎಷ್ಟೋ ಹೆಚ್ಚು.

ಆಗ ಅವನ ಬುದ್ಧಿ ಹೋಗಬಾರದ ಕಡೆ ಹೋಯಿತು. ಬೀಗದ ಕೈ ಯಾರ ಹತ್ತಿರ ಇದೆ? ಭಾವಮೈದನ ಹತ್ತಿರ. ಭಾವಮೈದನ ಹತ್ತಿರ ಇನ್ನೇನಿದೆ? ಬೈಕು. ಇಳಿದ ಕೂಡಲೇ ಅಳೆದಾಗಲೇ ಕಡಿಮೆ ಬಂದಿರುವಾಗ ಕಳ್ಳ ಆಕಾಶಕ್ಕೆ ಹೋಗಿ ಕದ್ದನೇ ಎಂದು ಅವನಿಗೆ ಹೊಳೆಯಬೇಕಿತ್ತು. ಹೆದರಿದವನಿಗೆ ಲೆಕ್ಕ ಎಲ್ಲಿ ಹೊಳೆಯುತ್ತದೆ! ಟೈಲರಮ್ಮ ನೋಡುತ್ತಿದ್ದ ಹಾಗೇ ಅವನು ಹೋಗಿ, ನಿಲ್ಲಿಸಿದ್ದ ಬೈಕಿನ ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಹಿಡಿದ. ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ಅದರ ವಾಸನೆಯೂ ಸ್ವಲ್ಪ ಬೇರೆ. ತಮ್ಮ ಆಗಲೇ ಬಾಗಿಲಲ್ಲಿ ಬಂದು ನಿಂತಿದ್ದ.

"ಭಾವ, ನನ್ನ ಬೈಕ್ ಮೂಸ್ತಾ ಇದ್ದೀರಾ?"

ಗಂಡ ಮುಚ್ಚಳ ಮುಚ್ಚಿದ.

"ಕೇಳಿದ್ರೆ ಪ್ರಾಣ ಕೊಡ್ತಿದ್ದೆ. ಮೂಸಿಬಿಟ್ರಲ್ಲ" ಎಂದ ತಮ್ಮ. ಬೀಗದ ಕೈಯನ್ನು ಅಕ್ಕನ ಅಂಗೈಯಲ್ಲಿ ಇಟ್ಟು ಹೋದವನು, ಆಮೇಲೆ ಭಾವನ ಮುಖ ಕಂಡರೆ ಗೇಟಿನ ಆ ಕೊನೆಗೆ ಹೋಗಿ ನಿಲ್ಲುತ್ತಿದ್ದ.

ಟೈಲರಮ್ಮನಿಗೆ ತಮ್ಮನ ದುಃಖಕ್ಕಿಂತ ದೊಡ್ಡ ದುಃಖ ಇನ್ನೊಂದಿತ್ತು. ಮಗಳು ಬರುವವಳಿದ್ದಳು. ಪುಟ್ಟವಳಿದ್ದಾಗಿನಿಂದ ಅಪ್ಪ ಅವಳಿಗೆ ಒಂದೇ ಮಾತು ಕೊಡುತ್ತ ಬಂದಿದ್ದ: ಇದು ಹಾರಿದರೆ ಮೊದಲು ಕೂರುವವಳು ನೀನೇ. ಅವಳು ಆ ಮಾತು ಮರೆತಿರಲಿಲ್ಲ. ಫೋನಿನಲ್ಲಿ "ಅಮ್ಮಾ, ರಜೆ ಸಿಕ್ತು, ಅಪ್ಪಂಗೆ ನನ್ನ ಸೀಟು ಒರೆಸಿಡೋಕೆ ಹೇಳು" ಎಂದು ನಕ್ಕಳು. ಟೈಲರಮ್ಮ ಫೋನು ಹಿಡಿದ ಹಾಗೇ ಗೋಡೆಗೆ ಒರಗಿದಳು. ಇದ್ದ ಒಬ್ಬ ಗಂಡ, ಇದ್ದ ಒಬ್ಬಳು ಮಗಳು, ಇಬ್ಬರೂ ಆ ಬಟ್ಟೆಯ ಗೂಡಿನಲ್ಲಿ. ಸದ್ದು ನಿಂತರೆ?

"ಬೇಡ ಅಂತ ಹೇಳ್ರೀ ಅವಳಿಗೆ."

"ಏನಂತ ಹೇಳ್ಲಿ? ಅಪ್ಪ ಕಟ್ಟಿದ್ದು ಸೋರುತ್ತೆ, ಎಲ್ಲಿ ಅಂತ ಅಪ್ಪಂಗೇ ಗೊತ್ತಿಲ್ಲ ಅಂತಾನಾ?"

"ಹಾಗೇ ಹೇಳಿ. ಜೀವಕ್ಕಿಂತ ಮಾನ ದೊಡ್ಡದಾ?"

ಅವನು ತಲೆ ತಗ್ಗಿಸಿ ಉಗುರಿನ ಸಂದಿಯ ಗ್ರೀಸು ಕೆರೆಯುತ್ತ ಕೂತ. "ಇನ್ನೂ ಜಾಸ್ತಿ ತುಂಬ್ಸಿದ್ರೆ ಆಯ್ತು" ಎಂದ ಕೊನೆಗೆ. "ಮುಚ್ಚಳದ ಅಂಚಿನವರೆಗೂ. ಹೋಗೋದು ಹೋದ್ರೂ ಇಳಿಯೋ ಅಷ್ಟು ಉಳಿಯುತ್ತೆ." ಆದರೆ ಆ ಮಾತು ಹೇಳುವಾಗ ಅವನ ದನಿಯಲ್ಲಿ ಜೀವವಿರಲಿಲ್ಲ. ಮಲಗಿದ ತಕ್ಷಣ ಗೊರಕೆ ಹೊಡೆಯುತ್ತಿದ್ದವನು ಈಗ ಸೂರು ನೋಡುತ್ತ ಬಿದ್ದಿರುತ್ತಿದ್ದ. ಅವನಿಗೆ ಹೆದರಿಕೆಯಾಗಿದೆ ಎಂದು ತಿಳಿದದ್ದೇ ಅವಳ ಹೆದರಿಕೆ ಇಮ್ಮಡಿಯಾಯಿತು. ಇಷ್ಟು ವರ್ಷ ತಾನು ಹೆದರಿದ್ದು, ಅವನು ಹೆದರುವುದಿಲ್ಲ ಎಂಬ ಭರವಸೆಯ ಮೇಲೆ.

ಅವಳಿಗೆ ತಿಳಿದದ್ದು ಬಟ್ಟೆಯ ಕೆಲಸ. ಮಾರನೆಯ ದಿನ ಬಿಳಿ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ಅಂಟು ಹಚ್ಚಿ, ಮುಚ್ಚಳದ ಸುತ್ತ, ಕೊಳವೆಯ ಪ್ರತಿ ಜಾಯಿಂಟಿಗೆ, ಎಂಜಿನ್ನಿನ ಕೆಳಗೆ, ರೆಕ್ಕೆಯ ಅಡಿಗೆ, ಎಲ್ಲ ಕಡೆ ಅಂಟಿಸಿದಳು. ಪೆಟ್ರೋಲು ತಾಗಿದ ಕಡೆ ನೀಲಿ ಕಲೆ ಬೀಳಲೇಬೇಕು. ಸವತಿ ಮೈತುಂಬ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಬಂದ ಹಾಗೆ ಕಾಣುತ್ತಿದ್ದಳು. ಅವನು ಹಾರಿ ಬಂದ. ಟ್ಯಾಂಕಿನಲ್ಲಿ ಮತ್ತೆ ಕಡಿಮೆ. ಅವಳು ಒಂದೊಂದೇ ಪಟ್ಟಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ಅಚ್ಚ ಬಿಳುಪು.

ಹೋದದ್ದು ನಿಜ, ಹೋದ ದಾರಿ ಮಾತ್ರ ಇಲ್ಲ. ಕಲೆ ಸಿಕ್ಕಿದ್ದರೆ ಬೈಯಬಹುದಿತ್ತು, ರಿಪೇರಿ ಮಾಡಬಹುದಿತ್ತು. ಬಿಳಿ ಪಟ್ಟಿಗಳ ರಾಶಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಕೂತಳು.

"ಮೇಲೆ ಇರುವಾಗ ಯಾರಾದ್ರೂ ನೋಡ್ಬೇಕು" ಎಂದಳು.

"ನಾನು ಮುಂದೆ ನೋಡ್ಲೋ, ರೆಕ್ಕೆ ನೋಡ್ಲೋ?"

"ನೀವಲ್ಲ." ತಮ್ಮನನ್ನು ಕೇಳಬಹುದಿತ್ತು. ಅವನು ಭಾವನ ವಿಮಾನದ ನೆರಳನ್ನೂ ತುಳಿಯುವುದಿಲ್ಲ ಎಂದು ಅಕ್ಕನಿಗೆ ಹೇಳಿ ಆಗಿತ್ತು. ಇನ್ನು ಬೇರೆ ಯಾರ ಮಗನನ್ನು, ಯಾರ ಗಂಡನನ್ನು ಇದರಲ್ಲಿ ಕೂರಿಸಲಿ? "ನಾನು ಬರ್ತೀನಿ" ಎಂದಳು. ಹೇಳಿದಮೇಲೆ ಆ ದನಿ ತನ್ನದೇ ಎಂದು ಅವಳಿಗೆ ಗೊತ್ತಾಯಿತು.

ಅವನು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿದ. "ಸ್ಟೂಲ್ ಹತ್ತೋಕೆ ಆಗಲ್ಲ ನಿಂಗೆ."

"ಸ್ಟೂಲ್ ಮೇಲೆ ನನ್ನ ಮಗಳು ಕೂರಲ್ವಲ್ಲ."

ಆ ಬೆಳಗ್ಗೆ ಗಾಳಿ ಇರಲಿಲ್ಲ. ಅವನು ಟ್ಯಾಂಕು ತುಂಬಿಸಿ, ಕಡ್ಡಿ ಅದ್ದಿ ಅವಳಿಗೆ ತೋರಿಸಿದ. ಅವಳು ಬಲಗಡೆಯ ಸೀಟಿನಲ್ಲಿ ಕೂತಳು. ಅವನು ಬೆಲ್ಟು ಬಿಗಿದ. ಇನ್ನೂ ಬಿಗಿಯಿರಿ ಎಂದಳು. ಬಿಗಿದ. ಇನ್ನೂ ಎಂದಳು. "ಉಸಿರು ನಿಲ್ಲುತ್ತೆ ಕಣೇ" ಎಂದ. ಎಂಜಿನ್ನು ಶುರುವಾದಾಗ ಅವಳ ಹಲ್ಲುಗಳು ಒಂದಕ್ಕೊಂದು ಬಡಿದವು. ಅದು ಯಂತ್ರದ ನಡುಕವೋ ತನ್ನದೋ ಬೇರೆ ಮಾಡಲಾಗಲಿಲ್ಲ. ಓಟ ಶುರುವಾಯಿತು, ಹುಲ್ಲು ಹಿಂದಕ್ಕೆ ಓಡಿತು, ಗಡಗಡ ಎನ್ನುತ್ತಿದ್ದ ಚಕ್ರ ಒಮ್ಮೆಲೇ ಸುಮ್ಮನಾಯಿತು.

ಅವಳು ಕಣ್ಣು ಮುಚ್ಚಿದಳು. ಮುಚ್ಚಿದ್ದಕ್ಕೆ ತನಗೆ ತಾನೇ ಬೈದುಕೊಂಡಳು. ನೋಡಲು ಬಂದವಳು ಕಣ್ಣು ಮುಚ್ಚಿಕೊಂಡು ಕೂತರೆ ಏನು ಬಂತು ಭಾಗ್ಯ! ಕೆಳಗೆ ನೋಡುವುದಿಲ್ಲ, ರೆಕ್ಕೆಯನ್ನು ಮಾತ್ರ ನೋಡುತ್ತೇನೆ ಎಂದುಕೊಂಡು ಕಣ್ಣು ಬಿಟ್ಟಳು. ತಾನೇ ಹೊಲಿದ ಬಟ್ಟೆ ತಲೆಯ ಮೇಲೆ ಬಿಗಿಯಾಗಿ ನಿಂತಿತ್ತು. ಗಂಟುಗಳು ಒಂದೊಂದೂ ಇದ್ದಲ್ಲೇ ಇದ್ದವು. ಅಷ್ಟು ಧೈರ್ಯ ಬಂತು. ರೆಕ್ಕೆಯ ಅಂಚಿನ ಕಡೆ ನೋಡಿದಳು, ಏನಿಲ್ಲ. ಹಿಂದೆ ಬಗ್ಗಿ ನೋಡಿದಳು, ಏನಿಲ್ಲ. ವಿಮಾನ ಮೂತಿ ಮೇಲೆ ಮಾಡಿಕೊಂಡು ಏರುತ್ತಲೇ ಇತ್ತು.

ಸೂರ್ಯ ಬಲಗಡೆ ಬಂದಾಗ ಅವಳಿಗೆ ಅದು ಕಂಡಿತು. ಬಾಗಿಲಿನ ಹೊರಗೆ, ರೆಕ್ಕೆಯ ಕೆಳಗಿನ ಆ ಸಣ್ಣ ಕೊಳವೆಯ ತುದಿಯಿಂದ, ಇಸ್ತ್ರಿಗೆ ಮೊದಲು ಬಟ್ಟೆಗೆ ಚಿಮುಕಿಸುವ ನೀರಿನಷ್ಟು ನವುರಾದ ಹನಿಹುಡಿ ಹೊರಬರುತ್ತಿತ್ತು. ಅದು ರೆಕ್ಕೆಗೂ ತಾಗುತ್ತಿರಲಿಲ್ಲ, ಬಾಲಕ್ಕೂ ತಾಗುತ್ತಿರಲಿಲ್ಲ. ನೆಟ್ಟಗೆ ಹಿಂದಕ್ಕೆ ಹೋಗಿ ಗಾಳಿಯಲ್ಲಿ ಇಲ್ಲವಾಗುತ್ತಿತ್ತು. ನಿಲ್ಲುತ್ತಲೇ ಇರಲಿಲ್ಲ.

ಕೆಳಗೆ, ಕಾಲಿನ ಹತ್ತಿರವೇ, ಎಂಜಿನ್ನಿನ ಹೊಗೆಕೊಳವೆ ಕಾದು ಕೂತಿದೆ ಎಂಬುದು ಅವಳಿಗೆ ನೆನಪಾಯಿತು. ಗಂಡನ ಹೆಗಲಿಗೆ ಮುಷ್ಟಿಯಿಂದ ಗುದ್ದಿದಳು. ಅವನು ತಿರುಗಿದ. ಅವಳು ಬೆರಳು ಮಾಡಿದಳು. ಅವನು ಅವಳ ಮೇಲೆ ಬಗ್ಗಿ ನೋಡಿದ, ಅವನ ಮುಖದ ರಕ್ತವೆಲ್ಲ ಇಳಿದುಹೋದದ್ದು ಅವಳಿಗೆ ಹತ್ತಿರದಿಂದ ಕಂಡಿತು.

"ಏನೂ ಮುಟ್ಬೇಡ" ಎಂದು ಕೂಗಿದ. ಏನು ಮುಟ್ಟಲಿ, ಅವಳು ತನ್ನ ಮೊಣಕಾಲನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವನು ವಿಮಾನದ ಮೂತಿ ತಗ್ಗಿಸಿದ. ಹನಿಹುಡಿ ತೆಳುವಾಯಿತು. ಎಂಜಿನ್ನು ಒಮ್ಮೆ ಕೆಮ್ಮಿತು. ಆ ಕೆಮ್ಮು ಅವಳಿಗೆ ಗೊತ್ತಿತ್ತು. ಅಂದು ಹುಲ್ಲಿನ ಅಂಚಿನಲ್ಲಿ ನಿಂತು ಕೇಳಿದ್ದೂ ಇದನ್ನೇ, ಇದಾದಮೇಲೆ ಬಂದ ಮೌನವೂ ಗೊತ್ತಿತ್ತು. "ಮಗೂ" ಎಂದಳು, ಪಕ್ಕದಲ್ಲಿ ಇಲ್ಲದ ಮಗಳಿಗೆ. ಎಂಜಿನ್ನು ಇನ್ನೊಮ್ಮೆ ಕೆಮ್ಮಿ ಮತ್ತೆ ಹಿಡಿದುಕೊಂಡಿತು. ರನ್‌ವೇ ಓರೆಯಾಗಿ ಕಿಟಕಿಯಲ್ಲಿ ಬಂತು, ನೆಟ್ಟಗಾಯಿತು, ಚಕ್ರ ನೆಲಕ್ಕೆ ಬಡಿಯಿತು. ನಿಂತಮೇಲೂ ಇಬ್ಬರೂ ಕೂತೇ ಇದ್ದರು.

ಅವನು ಇಳಿದು ಸುತ್ತಿ ಬಂದು ಆ ಕೊಳವೆಯ ಮುಂದೆ ನಿಂತ. ಅವಳು ಬಾಗಿಲಿನಿಂದ ನೋಡುತ್ತಿದ್ದಳು. ಅವನು ಕೈ ಎತ್ತಿ ಕೊಳವೆಯ ತುದಿಯನ್ನು ಮುಟ್ಟಿದ. ಅದರ ಬಾಯಿ ಹಿಂದಕ್ಕೆ ಬಾಗಿತ್ತು. ಬಾಗಿದ ಅಂಚನ್ನು ಯಾರೋ ಅರದಿಂದ ಉಜ್ಜಿ ನುಣುಪು ಮಾಡಿದ್ದರು. ಅವನು ಬಹಳ ಹೊತ್ತು ಆ ನುಣುಪಿನ ಮೇಲೆ ಬೆರಳು ಆಡಿಸಿದ.

"ಟ್ಯಾಂಕ್ ಉಸಿರಾಡೋ ಕೊಳವೆ ಇದು" ಎಂದ, ಅವಳ ಕಡೆ ನೋಡದೆ. "ನಕ್ಷೆಯಲ್ಲಿ ಮುಂದಕ್ಕೆ ಬಾಗಿತ್ತು. ಗಾಳಿಗೆ ಎದುರಾಗಿ. ಒಳಗೆ ಗಾಳಿ ಒತ್ತಲಿ ಅಂತ. ಅಧಿಕಾರಿ ನೋಡಿದಾಗಲೂ ಹಾಗೇ ಇತ್ತು."

"ಮತ್ತೆ?"

"ಹಿಂದಕ್ಕೆ ಇದ್ರೆ ಓಡೋ ಗಾಳಿ ಒಳಗಿಂದ ಹೀರುತ್ತೆ. ಟ್ಯಾಂಕ್ ತುಂಬಿದ್ದಾಗ, ಮೂತಿ ಮೇಲೆ ಇದ್ದಾಗ, ಪೆಟ್ರೋಲನ್ನೇ ಹೀರುತ್ತೆ, ಒಮ್ಮೆ ಹತ್ತಿದ ಧಾರೆ ನಿಲ್ಲಲ್ಲ, ಎಂಜಿನ್ನಿಗೂ ಸರಿಯಾಗಿ ಇಳಿಯಲ್ಲ. ಮೊದಮೊದಲು ಸ್ವಲ್ಪವೇ ಹಾಕಿದಾಗ ಏನೂ ಆಗಿರ್ಲಿಲ್ಲ. ನಾನು ಹೆದರಿ ಹೆದರಿ ಇನ್ನೂ ತುಂಬ್ಸಿದೆ."

"ಯಾರು ತಿರುಗಿಸಿದ್ದು ಅದನ್ನ?"

ಅವನು ತಿರುಗಿ ಅವಳ ಹಣೆಯನ್ನು ನೋಡಿದ. ಅವಳ ಕೈ ತಾನಾಗಿಯೇ ಆ ಗುರುತಿನ ಮೇಲೆ ಹೋಯಿತು.

ಲೋಟ ಒಡೆದ ಆ ಸಂಜೆ, ಮಗಳು ಒಳಗೆ ಅವಳಿಗೆ ಹೊಲಿಗೆ ಹಾಕುತ್ತಿದ್ದಾಗ, ಇವನು ಶೆಡ್ಡಿಗೆ ಹೋಗಿ ಇಕ್ಕುಳದಲ್ಲಿ ಕೊಳವೆಯನ್ನು ಹಿಂದಕ್ಕೆ ಬಾಗಿಸಿದ್ದ, ಅಂಚನ್ನು ಉಜ್ಜಿದ್ದ, ಮತ್ತೆ ಅವಳಿಗೆ ತಗಲಬಾರದು ಎಂದು. ಊರಿನ ತಾರಸಿಗಳ ಮೇಲೆ ಜೀವಮಾನವಿಡೀ ಹಾಗೇ ಬಾಗಿಸಿದ ಕೈ ಅದು. ತಪ್ಪು ಮಾಡುತ್ತಿದ್ದೇನೆ ಎಂದು ಆ ಕೈಗೆ ಅನ್ನಿಸಲೇ ಇಲ್ಲ. ಆಮೇಲೆ ಎಷ್ಟು ಸಲ ನೋಡಿದರೂ ಅವನ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತ್ತು.

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ದಿನ ತಾನು ಬಗ್ಗಿ ನಡೆಯುವುದನ್ನು ಕಲಿತೆ ಎಂದು ಬೀಗಿದ್ದೆಲ್ಲ ಸುಳ್ಳು. ತಲೆ ಬಗ್ಗಿಸಿದ್ದು ತಾನಲ್ಲ, ಆ ಕೊಳವೆ.

"ಹೇಳ್ಬಾರ್ದಿತ್ತಾ?" ಎಂದಳು.

"ಏನಿದೆ ಹೇಳೋಕೆ ಅಂದ್ಕೊಂಡೆ. ಒಂದು ಚೂರು ತಗಡು." ಅವನು ಕೊಳವೆಯಿಂದ ಕೈ ತೆಗೆದ. "ನಿಂಗೆ ತಗಲಬಾರ್ದು ಅಂತ ಮಾಡಿದ್ದು ಕಣೇ. ಮಗಳನ್ನ ಕೂರಿಸಿಬಿಡ್ತಿದ್ದೆ."

ಅವಳು ಇಳಿದು ಅವನ ಪಕ್ಕ ನಿಂತಳು. "ತುದಿಗೆ ಒಂದು ದಪ್ಪ ಬಟ್ಟೆಯ ಕುಲಾವಿ ಹೊಲಿದುಕೊಡ್ಲಾ? ಮುಂದಕ್ಕೆ ಬಾಗಿಸಿ ಮೇಲೆ ಹಾಕಿದ್ರೆ..."

"ಬೇಡ!" ಅವನು ಕಿರುಚಿದ ರೀತಿಗೆ ಗೇಟಿನ ಹತ್ತಿರ ಇದ್ದ ತಮ್ಮ ತಿರುಗಿ ನೋಡಿದ. "ತೆಗೆಯೋದು ಮರೆತ್ರೆ ಉಸಿರು ಕಟ್ಟಿ ಎಂಜಿನ್ನೇ ನಿಲ್ಲುತ್ತೆ. ಅದಕ್ಕೆ ಏನೂ ಮಾಡೋದು ಬೇಡ. ನಕ್ಷೆಯಲ್ಲಿ ಇದ್ದ ಹಾಗೇ ಇರ್ಲಿ."

"ಇರ್ಲಿ. ನಾನು ಬಗ್ಗಿ ನಡೀತೀನಿ" ಎಂದಳು.

ಅವನು ಅಂದೇ ಹೊಸ ಕೊಳವೆ ಕೂರಿಸಿದ, ಮುಂದಕ್ಕೆ, ಗಾಳಿಗೆ ಬಾಯಿ ತೆರೆದ ಹಾಗೆ. ಅವನ ಕಣ್ಣಿಗೆ ಅದು ಪೆದ್ದನ ಹಾಗೇ ಕಂಡಿರಬೇಕು, ಆದರೆ ಮೂಗು ಮುರಿಯಲಿಲ್ಲ. ಆಮೇಲೆ ಗೇಟಿನವರೆಗೆ ನಡೆದುಹೋಗಿ ಭಾವಮೈದನ ಎದುರು ನಿಂತ. "ಬಾ. ನನ್ನ ವಿಮಾನ ಮೂಸು. ಎಷ್ಟು ಹೊತ್ತು ಬೇಕಾದ್ರೂ ಮೂಸು." ತಮ್ಮ ನಗಬಾರದು ಎಂದು ತುಂಬ ಪ್ರಯತ್ನಪಟ್ಟ, ಆಗಲಿಲ್ಲ. ಟ್ಯಾಂಕು ತುಂಬಿಸಿ ಗಂಡ ಒಬ್ಬನೇ ಹಾರಿದ, ಮತ್ತೆ ಹಾರಿದ, ಇಳಿದಾಗಲೆಲ್ಲ ಕಡ್ಡಿ ಅದ್ದಿದ. ಲೆಕ್ಕ ಸರಿಯಾಗಿತ್ತು. ಟೈಲರಮ್ಮನ ಎದೆಯ ಲೆಕ್ಕ ಮಾತ್ರ ಸರಿಹೋಗಲಿಲ್ಲ. ಒಮ್ಮೆ ನಿಂತ ಸದ್ದನ್ನು ಕೇಳಿದ ಕಿವಿಗೆ, ನಡೆಯುತ್ತಿರುವ ಸದ್ದಿನ ಮೇಲೆ ನಂಬಿಕೆ ಹುಟ್ಟುವುದು ಕಷ್ಟ.

ಮಗಳು ಬಂದಳು. ಅಪ್ಪನ ಪಕ್ಕದಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಅಮ್ಮನಿಗೆ ಕೈ ಬೀಸಿದಳು. ಟೈಲರಮ್ಮನೂ ಕೈ ಬೀಸಿದಳು. ವಿಮಾನ ಏರಿತು, ಕೆರೆಯ ಕಡೆಗೆ ತಿರುಗಿತು, ಸದ್ದು ಸಣ್ಣದಾಗುತ್ತ ಹೋಯಿತು. ಅವಳು ಕಣ್ಣು ಮುಚ್ಚಿ ಅದನ್ನೇ ಹಿಡಿದುಕೊಂಡು ನಿಂತಳು. ಒಂದು ಘಳಿಗೆ ಅದು ಕೇಳಿಸಲೇ ಇಲ್ಲ. ತಮ್ಮ "ದೂರ ಹೋಗಿದೆ ಅಕ್ಕ, ಅಷ್ಟೇ" ಎಂದ. ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮತ್ತೆ ಸದ್ದು ಬಂತು, ದೊಡ್ಡದಾಯಿತು, ಕೆಮ್ಮಲಿಲ್ಲ. ಕಣ್ಣು ಬಿಟ್ಟಾಗ ಚಕ್ರಗಳು ನೆಲ ಮುಟ್ಟುತ್ತಿದ್ದವು.

ಅವಳು ಓಡಿದಳು. ಎಂಜಿನ್ನು ನಿಂತಿತು, ಬಲಗಡೆಯ ಬಾಗಿಲು ತೆರೆಯಿತು, ಮಗಳ ನಗು ಕೇಳಿತು. ಟೈಲರಮ್ಮನಿಗೆ ಆ ಮುಖವೊಂದೇ ಕಾಣುತ್ತಿತ್ತು. ಬಗ್ಗುವುದು ಮರೆತೇಹೋಯಿತು. ಕೊಳವೆಗೆ ಹಣೆ ಬಡಿಯಿತು, ಹಳೆಯ ಗುರುತಿನ ಮೇಲೆಯೇ, ಅವಳು ಹುಲ್ಲಿನ ಮೇಲೆ ಕುಸಿದು ಕೂತಳು.

ಮಗಳು ಹಾರಿ ಇಳಿದಳು. ಗಂಡ ಆ ಕಡೆಯಿಂದ ಓಡಿಬಂದ. ಹುಬ್ಬಿನ ಮೇಲೆ ಇಳಿಯುತ್ತಿದ್ದ ರಕ್ತ ನೋಡಿ ಅವನ ಮುಖ ಬಿಳಿಚಿತು, ಕೈ ತಾನಾಗಿಯೇ ಕೊಳವೆಯ ಕಡೆಗೆ ಎದ್ದಿತು.

"ಮುಟ್ಬೇಡಿ" ಎಂದಳು ಟೈಲರಮ್ಮ, ಅಳುತ್ತ, ನಗುತ್ತ, ಮಗಳ ಕಾಲನ್ನು ಗಟ್ಟಿಯಾಗಿ ತಬ್ಬಿಕೊಂಡು. "ಅದನ್ನ ಮುಟ್ಬೇಡಿ. ಸರಿಯಾಗಿದೆ ಅದು."